ಬ್ರಿಟಿಷ್ ಲೀಗ್ ಎರಡನೆಯ ವಿಭಾಗ, 1968

ಬ್ರಿಟಿಷ್ ಲೀಗ್ ಎರಡನೆಯ ವಿಭಾಗ, 1968: ಬ್ರಿಟನ್ನಿನ ಸ್ಪೀಡ್‌ವೇ ಮೋಟಾರ್‌ಸೈಕಲ್ ಓಟದಲ್ಲಿ ಎರಡನೆಯ ದರ್ಜೆಯ ತಂಡಗಳಿಗಾಗಿ ಹೊಸದಾಗಿ ಕಟ್ಟಿದ ಲೀಗಿನ ಮೊದಲ ಹಂಗಾಮು. ಹತ್ತು ತಂಡಗಳು ಪಾಲ್ಗೊಂಡ ಈ ಲೀಗನ್ನು ಮ್ಯಾಂಚೆಸ್ಟರಿನ ಬೆಲ್ ವ್ಯೂ ಕೋಲ್ಟ್ಸ್ ಗೆದ್ದಿತು. ನಾಕೌಟ್ ಕಪ್ ಕ್ಯಾಂಟರ್‌ಬರಿ ಕ್ರುಸೇಡರ್ಸ್ ತಂಡದ ಪಾಲಾಯಿತು. ವಿಭಾಗದ ಸವಾರರ ವೈಯಕ್ತಿಕ ಚಾಂಪಿಯನ್‌ಷಿಪ್ ಲಂಡನ್ನಿನ ಹ್ಯಾಕ್ನಿಯಲ್ಲಿ ನಡೆದು, ಮಿಡಲ್ಸ್‌ಬರೊ ತಂಡದ ಗ್ರಹಾಂ ಪ್ಲಾಂಟ್ ವಿಜೇತನಾದ. ಅದೇ ವರ್ಷ ಮೊದಲ ವಿಭಾಗದಲ್ಲಿ ಕವೆಂಟ್ರಿ ಬೀಸ್ ಪ್ರಶಸ್ತಿ ಪಡೆಯಿತು. ನ್ಯೂಕ್ಯಾಸಲ್ ತಂಡದ ಐವನ್ ಮಾಗರ್ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ತನ್ನ ಆರು ವಿಶ್ವ ಪ್ರಶಸ್ತಿಗಳಲ್ಲಿ ಮೊದಲನೆಯದನ್ನು ಗೆದ್ದ.

ಪತ್ರಿಕೆಗಳ ಕ್ರೀಡಾಪುಟದಲ್ಲಿ ಮಾಗರನ ಗೆಲುವೇ ದೊಡ್ಡ ಸುದ್ದಿ. ಆದರೆ ಬ್ರಿಟನ್ನಿನ ಸ್ಪೀಡ್‌ವೇ ಮುಂದಿನ ಹತ್ತಿಪ್ಪತ್ತು ವರ್ಷ ಹೇಗೆ ಬದುಕಿತು ಎಂದು ತಿಳಿಯಬೇಕಾದರೆ, ಹೆಚ್ಚು ಸದ್ದಿಲ್ಲದೆ ಶುರುವಾದ ಈ ಕೆಳಗಿನ ಲೀಗಿನತ್ತ ನೋಡುವುದು ಒಳ್ಳೆಯದು.

ಆಟದ ಬಗೆ

ಸ್ಪೀಡ್‌ವೇ ಎಂದರೆ ಅಂಡಾಕಾರದ ಮಣ್ಣಿನ ಹಾದಿಯಲ್ಲಿ ನಾಲ್ವರು ಸವಾರರು ಅಪ್ರದಕ್ಷಿಣವಾಗಿ ನಾಲ್ಕು ಸುತ್ತು ಓಡಿಸುವ ಆಟ. ಬೈಕಿಗೆ ಬ್ರೇಕ್ ಇಲ್ಲ. ಗೇರ್ ಒಂದೇ. 500 ಸಿಸಿ ಎಂಜಿನ್ ಪೆಟ್ರೋಲಿನ ಬದಲು ಮೆಥನಾಲ್ ಕುಡಿಯುತ್ತದೆ. ಹಾದಿಯ ಮೇಲೆ ಶೇಲ್ ಎಂಬ ಪದರಗಲ್ಲಿನ ಪುಡಿಯನ್ನು ಹಾಸಿ ನೀರು ಹಾಯಿಸಿರುತ್ತಾರೆ. ತಿರುವು ಬಂದಾಗ ಸವಾರ ವೇಗ ಇಳಿಸುವುದಿಲ್ಲ. ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸಿ, ಮುಂಚಕ್ರವನ್ನು ಬಲಕ್ಕೆ ತಿರುಗಿಸಿ, ಎಡಗಾಲನ್ನು ನೆಲಕ್ಕೆ ಊರಿ ಬೈಕನ್ನು ಅಡ್ಡಡ್ಡವಾಗಿಯೇ ದಾಟಿಸುತ್ತಾನೆ. ಆ ಎಡಗಾಲಿನ ಬೂಟಿಗೆ ಉಕ್ಕಿನ ಅಟ್ಟೆ ಕಟ್ಟಿರುತ್ತದೆ. ಒಂದು ಓಟ ಮುಗಿಯಲು ಹೆಚ್ಚುಕಡಿಮೆ ಒಂದು ನಿಮಿಷ ಸಾಕು. ಬಹುಪಾಲು ಓಟಗಳ ಹಣೆಬರಹ ಆರಂಭದ ಗೆರೆಗೆ ಅಡ್ಡಲಾಗಿ ಕಟ್ಟಿದ ಟೇಪ್ ಮೇಲೆದ್ದ ಕ್ಷಣದಿಂದ ಮೊದಲ ತಿರುವಿನವರೆಗಿನ ಕೆಲವೇ ಸೆಕೆಂಡುಗಳಲ್ಲಿ ತೀರ್ಮಾನವಾಗಿಬಿಡುತ್ತದೆ.

ಲೀಗ್ ಪಂದ್ಯದಲ್ಲಿ ಪ್ರತಿ ಓಟಕ್ಕೂ ಎರಡೂ ತಂಡಗಳಿಂದ ಇಬ್ಬಿಬ್ಬರು ಇಳಿಯುತ್ತಾರೆ. ಮೊದಲು ಬಂದವನಿಗೆ 3, ಎರಡನೆಯವನಿಗೆ 2, ಮೂರನೆಯವನಿಗೆ 1 ಅಂಕ, ಕೊನೆಯವನಿಗೆ ಸೊನ್ನೆ. ಹೀಗಾಗಿ ಒಂದು ಓಟದ ಫಲ 5-1, 4-2 ಅಥವಾ 3-3. 1968ರ ಪದ್ಧತಿಯಂತೆ ತಂಡದಲ್ಲಿ ಏಳು ಮಂದಿ ಸವಾರರು, ಪಂದ್ಯಕ್ಕೆ 13 ಓಟಗಳು, ಒಟ್ಟು 78 ಅಂಕ. 40 ಮುಟ್ಟಿದ ತಂಡ ಗೆದ್ದಂತೆ, 39-39 ಆದರೆ ಸಮ. ನಾಲ್ಕು ಬಾರಿ ಇಳಿದು ನಾಲ್ಕೂ ಬಾರಿ ಮೊದಲಿಗನಾದವನು 12 ಅಂಕ ಗಳಿಸಿ ‘ಮ್ಯಾಕ್ಸಿಮಮ್’ ಮಾಡಿದ ಎನಿಸಿಕೊಳ್ಳುತ್ತಿದ್ದ.

ಈ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ತಂಡಕ್ಕೆ ಒಬ್ಬನೇ ಮಹಾವೀರನಿದ್ದರೆ ಸಾಲದು. ಅವನು ಪ್ರತಿ ಓಟದಲ್ಲೂ ಮೊದಲು ಬಂದರೂ ಜೊತೆಗಾರ ಕೊನೆಯವನಾದರೆ 3-3 ಅಷ್ಟೇ, ತಂಡ ಇದ್ದಲ್ಲೇ ಇರುತ್ತದೆ. ಒಂದೊಂದು ಅಂಕ ಹೆಕ್ಕಿ ತರುವ ಐದನೆಯ, ಆರನೆಯ, ಏಳನೆಯ ಸವಾರರೇ ಪಂದ್ಯ ಗೆಲ್ಲಿಸುವವರು. ಅಂಥವರು ಎಲ್ಲಿಂದ ಬರಬೇಕು ಎಂಬ ಪ್ರಶ್ನೆಯೇ ಎರಡನೆಯ ವಿಭಾಗವನ್ನು ಹುಟ್ಟಿಸಿತು.

ಹಿನ್ನೆಲೆ

ಬ್ರಿಟನ್ನಿನಲ್ಲಿ ಈ ಆಟದ ದೊಡ್ಡ ಆರಂಭವೆಂದು ಎಣಿಸುವುದು 1928ರ ಫೆಬ್ರವರಿ 19ರಂದು ಎಪಿಂಗ್ ಕಾಡಿನ ಹೈ ಬೀಚ್‌ನಲ್ಲಿ ನಡೆದ ಓಟಗಳನ್ನು. ಮರುವರ್ಷವೇ ಲೀಗ್‌ಗಳು ಹುಟ್ಟಿದವು. 1936ರಲ್ಲಿ ಪ್ರಾವಿನ್ಷಿಯಲ್ ಲೀಗ್ ಎಂಬ ಎರಡನೆಯ ದರ್ಜೆಯೂ, ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮೂರು ದರ್ಜೆಗಳೂ ಬಂದವು. ಯುದ್ಧದಿಂದ ಬಸವಳಿದಿದ್ದ ಜನಕ್ಕೆ ಸಂಜೆಯ ಅಗ್ಗದ ಮನರಂಜನೆ ಬೇಕಿತ್ತು, ಕ್ರೀಡಾಂಗಣಗಳು ತುಂಬಿ ತುಳುಕಿದವು. ಆದರೆ ಮನರಂಜನಾ ತೆರಿಗೆಯ ಹೊರೆ, ಮನೆಮನೆಗೆ ಬಂದ ಟೆಲಿವಿಷನ್ ಇವೆಲ್ಲ ಸೇರಿ 1950ರ ದಶಕದಲ್ಲಿ ಒಂದೊಂದೇ ಟ್ರ್ಯಾಕ್ ಬಾಗಿಲು ಹಾಕಿತು. 1957ರ ಹೊತ್ತಿಗೆ ಉಳಿದದ್ದು ಒಂದೇ ದರ್ಜೆ.

1960ರಲ್ಲಿ ಮೈಕ್ ಪಾರ್ಕರ್, ರೆಜ್ ಫಿಯರ್‌ಮನ್ ಮೊದಲಾದ ಪ್ರೊಮೋಟರುಗಳು ಮುಚ್ಚಿದ್ದ ಟ್ರ್ಯಾಕುಗಳನ್ನು ತೆರೆದು ಹಳೆಯ ಹೆಸರಿನಲ್ಲೇ ಹೊಸ ಪ್ರಾವಿನ್ಷಿಯಲ್ ಲೀಗ್ ಕಟ್ಟಿದರು. ಖರ್ಚು ಕಡಿಮೆ, ಸವಾರರು ಹೊಸಬರು ಅಥವಾ ನಿವೃತ್ತಿಯಿಂದ ಮರಳಿದವರು. ಆ ಲೀಗ್ ಎಷ್ಟು ಬೆಳೆಯಿತೆಂದರೆ, ಮೇಲಿನ ನ್ಯಾಷನಲ್ ಲೀಗಿಗೇ ತಂಡಗಳ ಕೊರತೆ ಬಿದ್ದಾಗ ಕೆಳಗಿನ ಚಾಂಪಿಯನ್ ವುಲ್ವರ್‌ಹ್ಯಾಂಪ್ಟನ್ ಮೇಲೆ ಬರಬೇಕೆಂದು ಆಡಳಿತ ಒತ್ತಾಯಿಸಿತು, ಆ ತಂಡ ಒಲ್ಲೆನೆಂದಿತು. ಜಗಳ ವಿಕೋಪಕ್ಕೆ ಹೋಗಿ 1964ರ ಹಂಗಾಮನ್ನು ಪ್ರಾವಿನ್ಷಿಯಲ್ ಲೀಗ್ ನಿಯಂತ್ರಣ ಮಂಡಳಿಯ ಅನುಮತಿಯಿಲ್ಲದೆಯೇ ನಡೆಸಿತು. ಅದರಲ್ಲಿ ಓಡಿದವರಿಗೆ ಆ ವರ್ಷ ವಿಶ್ವ ಚಾಂಪಿಯನ್‌ಷಿಪ್‌ನ ಬಾಗಿಲು ಮುಚ್ಚಿತ್ತು. ಹೀಗೆ ಹೊರಗುಳಿದವರಲ್ಲಿ ನ್ಯೂಕ್ಯಾಸಲ್ಲಿನ ಮಾಗರನೂ ಒಬ್ಬ.

ವ್ಯಾಜ್ಯ ಬಿಡಿಸಲು ಲಾರ್ಡ್ ಶಾಕ್ರಾಸ್ ನೇತೃತ್ವದ ವಿಚಾರಣೆ ನಡೆಯಿತು. ನ್ಯೂರೆಂಬರ್ಗಿನಲ್ಲಿ ನಾಜಿ ನಾಯಕರ ವಿರುದ್ಧ ಬ್ರಿಟನ್ನಿನ ಪರವಾಗಿ ವಾದಿಸಿದ್ದ ನ್ಯಾಯವಾದಿ ಈಗ ಕೆಸರು ಹಾರಿಸುವ ಬೈಕುಗಳ ಪಂಚಾಯಿತಿಗೆ ಕುಳಿತಿದ್ದರು. ಫಲವಾಗಿ ಎರಡೂ ಲೀಗ್‌ಗಳು ಕೂಡಿ 1965ರಲ್ಲಿ 18 ತಂಡಗಳ ಏಕೈಕ ಬ್ರಿಟಿಷ್ ಲೀಗ್ ಆಯಿತು. ಪ್ರೊಮೋಟರುಗಳ ಸಂಘಕ್ಕೆ ದಿನನಿತ್ಯದ ಆಡಳಿತ ಸಿಕ್ಕಿತು.

ರಾಜಿಯೇನೋ ಆಯಿತು, ಆದರೆ ಮೆಟ್ಟಿಲು ಹೋಯಿತು. ಹೊಸ ಹುಡುಗನಿಗೆ ಕಲಿಯಲು ಉಳಿದ ಜಾಗ ‘ಸೆಕೆಂಡ್ ಹಾಫ್’ ಒಂದೇ. ಮುಖ್ಯ ಪಂದ್ಯ ಮುಗಿದ ಮೇಲೆ, ಜನ ಬಸ್ಸು ಹಿಡಿಯಲು ಏಳುವ ಹೊತ್ತಿಗೆ, ಉಳಿದ ಸಮಯದಲ್ಲಿ ನಡೆಯುತ್ತಿದ್ದ ಬಿಡಿ ಓಟಗಳವು. ಅಲ್ಲಿ ವಾರಕ್ಕೆ ಒಂದೋ ಎರಡೋ ಬಾರಿ ಟೇಪಿನ ಮುಂದೆ ನಿಂತು, ತಂಡದ ಜವಾಬ್ದಾರಿಯಿಲ್ಲದೆ ನಾಲ್ಕು ಸುತ್ತು ಹಾಕಿ ಬಂದರೆ ಮುಗಿಯಿತು. ಆ ಹುಡುಗನನ್ನೇ ಮುಂದಿನ ವಾರ ವಿಶ್ವದರ್ಜೆಯವರ ಎದುರು ಮೀಸಲು ಸವಾರನಾಗಿ ಇಳಿಸಿದರೆ ಅವನು ಕೊನೆಯವನಾಗಿ ಬರುವುದು ಖಂಡಿತ. ಎರಡು-ಮೂರು ಹಂಗಾಮುಗಳಲ್ಲಿ ಈ ಕೊರತೆ ಪ್ರೊಮೋಟರುಗಳಿಗೆ ಮನವರಿಕೆಯಾಗಿ 1968ಕ್ಕೆ ಎರಡನೆಯ ವಿಭಾಗ ತೆರೆಯಿತು.

ಹತ್ತು ತಂಡಗಳು

ಬೆಲ್ ವ್ಯೂ ಕೋಲ್ಟ್ಸ್, ಬೆರಿಕ್ ಬ್ಯಾಂಡಿಟ್ಸ್, ಕ್ಯಾಂಟರ್‌ಬರಿ ಕ್ರುಸೇಡರ್ಸ್, ಕ್ರೇಫರ್ಡ್ ಹೈವೇಮೆನ್, ಮಿಡಲ್ಸ್‌ಬರೊ ಟೀಸೈಡರ್ಸ್, ನೆಲ್ಸನ್ ಅಡ್ಮಿರಲ್ಸ್, ಪ್ಲಿಮತ್ ಡೆವಿಲ್ಸ್, ರೇಲಿ ರಾಕೆಟ್ಸ್, ರೆಡಿಂಗ್ ರೇಸರ್ಸ್, ವೇಮತ್ ಈಗಲ್ಸ್. ಪ್ರತಿ ತಂಡ ಉಳಿದ ಒಂಬತ್ತರೊಡನೆ ತವರಿನಲ್ಲೊಮ್ಮೆ, ಹೊರಗೊಮ್ಮೆ ಆಡಬೇಕು. ಅಂದರೆ ತಲಾ 18 ಪಂದ್ಯ, ಗೆಲುವಿಗೆ 2 ಪಾಯಿಂಟ್.

ನಕ್ಷೆ ತೆಗೆದು ನೋಡಿದರೆ ಪ್ರಯಾಣದ ಕಷ್ಟ ಅರಿವಾಗುತ್ತದೆ. ಬೆರಿಕ್ ಇಂಗ್ಲೆಂಡಿನ ಉತ್ತರದ ಕೊನೆ, ಸ್ಕಾಟ್ಲೆಂಡಿನ ಗಡಿಗೆ ಅಂಟಿಕೊಂಡ ಊರು. ಪ್ಲಿಮತ್ ನೈರುತ್ಯದ ಕಡಲಂಚಿನದು. ವ್ಯಾನಿನಲ್ಲೋ ಕಾರಿನ ಹಿಂದೆ ಬೈಕು ಕಟ್ಟಿಕೊಂಡೋ ಇಡೀ ದೇಶದ ಉದ್ದವನ್ನು ಅಳೆದು ಹೋಗಿ, ಒಬ್ಬ ಸವಾರ ನಾಲ್ಕೈದು ನಿಮಿಷ ಓಡಿಸಿ, ರಾತ್ರೋರಾತ್ರಿ ಮರಳಬೇಕು.

ಬೆರಿಕ್ ತಂಡ ಶೀಲ್‌ಫೀಲ್ಡ್ ಪಾರ್ಕ್ ಎಂಬ ಫುಟ್ಬಾಲ್ ಮೈದಾನದ ಸುತ್ತ ಟ್ರ್ಯಾಕ್ ಹಾಕಿಕೊಂಡಿತು. ಆ ಮೈದಾನದ ಬೆರಿಕ್ ರೇಂಜರ್ಸ್ ಫುಟ್ಬಾಲ್ ತಂಡ ಊರು ಇಂಗ್ಲೆಂಡಿನದಾದರೂ ಸ್ಕಾಟ್ಲೆಂಡಿನ ಲೀಗಿನಲ್ಲಿ ಆಡುತ್ತಿತ್ತು, ಮತ್ತು ಕೇವಲ ಒಂದು ವರ್ಷದ ಹಿಂದೆ, 1967ರ ಜನವರಿಯಲ್ಲಿ, ಅದೇ ಅಂಗಳದಲ್ಲಿ ಗ್ಲಾಸ್ಗೋ ರೇಂಜರ್ಸ್ ತಂಡವನ್ನು ಸ್ಕಾಟಿಷ್ ಕಪ್ಪಿನಿಂದ ಹೊರದಬ್ಬಿ ಹೆಸರು ಮಾಡಿತ್ತು. ನೆಲ್ಸನ್ ಲ್ಯಾಂಕಷೈರಿನ ಹತ್ತಿ ಗಿರಣಿಗಳ ಊರು. ಅದರ ಸೀಡ್‌ಹಿಲ್ ಎಂಬ ಹೆಸರು ನಮ್ಮ ಕ್ರಿಕೆಟ್ ಪ್ರಿಯರಿಗೆ ಪರಿಚಿತವಿದ್ದೀತು: ವೆಸ್ಟ್ ಇಂಡೀಸಿನ ಲೀರಿ ಕಾನ್‌ಸ್ಟಂಟೈನ್ 1930ರ ದಶಕದಲ್ಲಿ ವೃತ್ತಿ ಆಟಗಾರನಾಗಿ ಆಡಿದ ಕ್ರಿಕೆಟ್ ಮೈದಾನ ಅಲ್ಲಿಯದೇ. ಸ್ಪೀಡ್‌ವೇ ನಡೆದದ್ದು ಅದರ ಪಕ್ಕದ ಹಳೆಯ ಫುಟ್ಬಾಲ್ ಅಂಗಳದಲ್ಲಿ.

ಕ್ಯಾಂಟರ್‌ಬರಿಯ ಕಿಂಗ್ಸ್‌ಮೀಡ್ ಕ್ರೀಡಾಂಗಣವನ್ನು ಹಿಡಿದವರು ಜಾನಿ ಹಾಸ್ಕಿನ್ಸ್. ನ್ಯೂಜಿಲೆಂಡಿನಲ್ಲಿ 1892ರಲ್ಲಿ ಹುಟ್ಟಿದ ಈತ 1923ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯದ ವೆಸ್ಟ್ ಮೈಟ್‌ಲೆಂಡ್‌ನಲ್ಲಿ ಕೃಷಿ ಮೇಳದ ಅಂಗಳದಲ್ಲಿ ಮೋಟಾರ್‌ಸೈಕಲ್ ಓಡಿಸಿ ಸ್ಪೀಡ್‌ವೇಯ ಜನಕರೆಂದು ಕರೆಸಿಕೊಂಡವರು. ಆ ಬಿರುದಿನ ಬಗ್ಗೆ ಇತಿಹಾಸಕಾರರಲ್ಲಿ ವಾದವಿದೆ, ಪ್ರಚಾರ ಕಲೆಯಲ್ಲಿ ಆತನ ಸಮ ಇರಲಿಲ್ಲ ಎಂಬುದರಲ್ಲಿ ಇಲ್ಲ. ಗೆದ್ದ ಸಂಜೆ ಸವಾರರು ಅವರ ಹ್ಯಾಟಿಗೆ ಬೆಂಕಿ ಹಚ್ಚುವುದು ಜನ ಕಾದು ನೋಡುವ ತಮಾಷೆಯಾಗಿತ್ತು. ಎಪ್ಪತ್ತೈದು ದಾಟಿದ ಆ ಮುದುಕ ಹೊಸ ಲೀಗಿನ ಚಿಕ್ಕ ಊರುಗಳಲ್ಲೊಂದಕ್ಕೆ ಬಂದು ಮೊದಲ ವರ್ಷವೇ ನಾಕೌಟ್ ಕಪ್ ಎತ್ತಿಸಿದರು. 1970ರಲ್ಲಿ ಕ್ಯಾಂಟರ್‌ಬರಿ ಲೀಗನ್ನೂ ಗೆದ್ದಿತು.

ಮಿಡಲ್ಸ್‌ಬರೊ, ರೇಲಿ, ಪ್ಲಿಮತ್ ಹಳೆಯ ಪ್ರಾವಿನ್ಷಿಯಲ್ ಲೀಗಿನ ಊರುಗಳು. ರೇಲಿ ಆ ಲೀಗಿನ ಮೊದಲ ಚಾಂಪಿಯನ್. ಮಿಡಲ್ಸ್‌ಬರೊ ತಂಡವನ್ನು ಫಿಯರ್‌ಮನ್ 1965ರಲ್ಲಿ ಹಾಲಿಫ್ಯಾಕ್ಸಿಗೆ ಎಬ್ಬಿಸಿಕೊಂಡು ಹೋಗಿದ್ದರಿಂದ ಕ್ಲೀವ್‌ಲೆಂಡ್ ಪಾರ್ಕಿನಲ್ಲಿ ಮೂರು ವರ್ಷ ಲೀಗ್ ಓಟವಿರಲಿಲ್ಲ. ರೆಡಿಂಗಿನ ಟೈಲ್‌ಹರ್ಸ್ಟ್‌ನಲ್ಲಿ ಹೊಸ ತಂಡ ಶುರುವಾಯಿತು. ಕ್ರೇಫರ್ಡ್, ವೇಮತ್ ಸಹ ಈ ಗಾಳಿಯಲ್ಲೇ ಸೇರಿಕೊಂಡವು.

ಕೋಲ್ಟ್ಸ್

ಹತ್ತರಲ್ಲಿ ಒಂದು ಮಾತ್ರ ಬೇರೆ ಜಾತಿಯದು. ಬೆಲ್ ವ್ಯೂ ಕೋಲ್ಟ್ಸ್ ಸ್ವತಂತ್ರ ತಂಡವಲ್ಲ. ಮೊದಲ ವಿಭಾಗದ ಬೆಲ್ ವ್ಯೂ ಏಸಸ್ ಸಂಸ್ಥೆಯ ಕಿರಿಯರ ತಂಡ. ಎರಡೂ ತಂಡಗಳ ತವರು ಮ್ಯಾಂಚೆಸ್ಟರಿನ ಹೈಡ್ ರೋಡ್. ಮೃಗಾಲಯ, ಉದ್ಯಾನ, ಜಾತ್ರೆಯಂಗಳಗಳ ನಡುವೆ 1929ರಿಂದ ಓಟ ನಡೆಯುತ್ತಿದ್ದ ಅಂಗಳವದು. ಸುತ್ತಿಗೆ ಸುಮಾರು 380 ಮೀಟರ್ ಉದ್ದ. ಅಗಲವಾದ ತಿರುವುಗಳು, ಥ್ರಾಟಲ್ ಮುಚ್ಚುವ ಅಗತ್ಯವೇ ಬೀಳದಷ್ಟು ಜಾಗ. ಫುಟ್ಬಾಲ್ ಅಂಗಳದ ಅಂಚಿಗೆ ತುರುಕಿದ ಪುಟ್ಟ, ಚೂಪು ತಿರುವಿನ ಟ್ರ್ಯಾಕಿನಲ್ಲಿ ಕಲಿತವನು ಹೈಡ್ ರೋಡಿಗೆ ಬಂದು ನಿಂತರೆ ಮೊದಲ ಓಟದಲ್ಲೇ ಹೊರಗಿನ ಗೆರೆಯಲ್ಲಿ ಒಬ್ಬ ತನ್ನನ್ನು ಸುತ್ತಿಹಾಕಿ ಹೋಗುವುದನ್ನು ನೋಡುತ್ತಿದ್ದ.

ಸ್ಪೀಡ್‌ವೇಯಲ್ಲಿ ತವರಿನ ಲಾಭ ಇಷ್ಟು ದೊಡ್ಡದಾಗಿರುವುದು ಇದರಿಂದಲೇ. ಎರಡು ಟ್ರ್ಯಾಕುಗಳು ಒಂದೇ ಥರ ಇರುವುದಿಲ್ಲ. ಉದ್ದ ಬೇರೆ, ಓರೆ ಬೇರೆ, ಶೇಲಿನ ಆಳ ಬೇರೆ, ಮಳೆ ಬಿದ್ದ ಮೇಲೆ ಎಲ್ಲಿ ಹಿಡಿತ ಸಿಗುತ್ತದೆ ಎಂಬ ಗುಟ್ಟು ಅಲ್ಲಿ ದಿನಾ ತಿರುಗುವವನಿಗೆ ಮಾತ್ರ ಗೊತ್ತು. ಎಲ್ಲರೂ ತವರಿನಲ್ಲಿ ಗೆಲ್ಲುವ ಇಂಥ ಲೀಗಿನಲ್ಲಿ ಹೊರಗೆ ಹೋಗಿ ಕಿತ್ತುತಂದ ನಾಲ್ಕಾರು ಗೆಲುವುಗಳೇ ಪಟ್ಟಿಯ ಮೇಲ್ತುದಿಯನ್ನು ನಿರ್ಧರಿಸುತ್ತವೆ.

ಕೋಲ್ಟ್ಸ್‌ಗೆ ದೊಡ್ಡ ಟ್ರ್ಯಾಕಿನ ಅಭ್ಯಾಸದ ಜೊತೆಗೆ ಇನ್ನೆರಡು ಅನುಕೂಲಗಳಿದ್ದವು. ಒಂದು, ಬೆಲ್ ವ್ಯೂನಲ್ಲಿ ಮೊದಲಿಂದಲೂ ಇದ್ದ ತರಬೇತಿಯ ಪರಂಪರೆ. ಆ ಕಾಲದಲ್ಲಿ ಅದನ್ನು ನೋಡಿಕೊಂಡವರು ಅಲ್ಲಿಯೇ ಸವಾರರಾಗಿದ್ದ ಡೆಂಟ್ ಆಲಿವರ್. ಇನ್ನೊಂದು, ಹುಡುಗರ ನಡುವೆ ಒಬ್ಬ ಹಿರಿಯ: ನಾಯಕ ಟ್ಯಾಫಿ ಓವೆನ್. ಓಟ ಶುರುವಾಗುವ ಗೇಟಿನಲ್ಲಿ ಯಾವ ಕಡೆ ಮಣ್ಣು ಸಡಿಲವಾಗಿದೆ, ಕ್ಲಚ್ ಎಷ್ಟು ಬಿಡಬೇಕು, ಜೊತೆಗಾರನಿಗೆ ಹೊರಗಡೆ ಎಷ್ಟು ಜಾಗ ಕೊಡಬೇಕು ಎಂಬುದನ್ನು ಪುಸ್ತಕ ಹೇಳಿಕೊಡುವುದಿಲ್ಲ. ಪಕ್ಕದಲ್ಲಿ ಓಡುವವನೇ ಹೇಳಿಕೊಡಬೇಕು. ಓವೆನ್ ಮಾಡಿದ ಕೆಲಸ ಅದು.

ಕೋಲ್ಟ್ಸ್ 1968ರಲ್ಲೂ ಮತ್ತೆ 1969ರಲ್ಲೂ ಚಾಂಪಿಯನ್ ಆಯಿತು. ಗೆದ್ದ ತಂಡ ಮೇಲಿನ ವಿಭಾಗಕ್ಕೆ ಹೋಗಬೇಕೆಂಬ ನಿಯಮ ಇರಲಿಲ್ಲ. ಇದ್ದಿದ್ದರೂ ಕೋಲ್ಟ್ಸ್ ಹೋಗುವುದೆಲ್ಲಿಗೆ? ಮೇಲೆ ಕುಳಿತಿದ್ದದ್ದು ಅದರದೇ ಹಿರಿಯ ತಂಡ. ಹೀಗಾಗಿ ಈ ಲೀಗ್ ಸ್ಪರ್ಧೆಯೋ ಶಾಲೆಯೋ ಎಂಬ ಗೊಂದಲ ಮೊದಲ ವರ್ಷದಿಂದಲೇ ಇತ್ತು. ಬೆರಿಕ್ಕಿನ, ನೆಲ್ಸನ್ನಿನ ಪ್ರೇಕ್ಷಕ ಹಣ ಕೊಟ್ಟು ಬಂದದ್ದು ತನ್ನೂರಿನ ತಂಡ ಗೆಲ್ಲುವುದನ್ನು ನೋಡಲು. ಬೆಲ್ ವ್ಯೂ ತಂಡ ಕಳಿಸಿದ್ದು ಮುಂದೆ ಏಸಸ್‌ಗೆ ಬೇಕಾಗುವ ಹುಡುಗರನ್ನು ಹದಗೊಳಿಸಲು. ಚೆನ್ನಾಗಿ ಆಡಿದವನನ್ನು ಮೇಲಿನವರು ಸೆಳೆದುಕೊಳ್ಳುತ್ತಾರೆ ಎಂಬುದು ಸಣ್ಣ ಊರುಗಳ ಅಭಿಮಾನಿಗಳಿಗೆ ಸಹಜವಾಗಿಯೇ ಕಹಿ. ನನ್ನ ದೃಷ್ಟಿಯಲ್ಲಿ ಲೀಗನ್ನು ಜೀವಂತವಾಗಿಟ್ಟದ್ದೂ ಇದೇ ಎಳೆದಾಟ. ಬರೀ ಶಾಲೆಯಾಗಿದ್ದರೆ ಟಿಕೆಟ್ ಮಾರಾಟವಾಗುತ್ತಿರಲಿಲ್ಲ, ಬರೀ ಸ್ಪರ್ಧೆಯಾಗಿದ್ದರೆ ಹಳಬರೇ ಜಾಗ ತುಂಬಿ ಹೊಸಬನಿಗೆ ಹಾದಿ ಸಿಗುತ್ತಿರಲಿಲ್ಲ.

ಸವಾರ, ಯಂತ್ರ, ಗಳಿಕೆ

ಎರಡನೆಯ ವಿಭಾಗದ ಸವಾರನಿಗೆ ಸ್ಪೀಡ್‌ವೇ ಪೂರ್ಣ ಉದ್ಯೋಗವಾಗಿರುವುದು ಅಪರೂಪ. ಹಗಲು ಗ್ಯಾರೇಜಿನಲ್ಲೋ ಕಾರ್ಖಾನೆಯಲ್ಲೋ ಕೆಲಸ, ಸಂಜೆ ಓಟ. ಸಂಬಳ ಎಂಬುದಿಲ್ಲ: ಟೇಪಿನ ಮುಂದೆ ನಿಂತದ್ದಕ್ಕೆ ಇಷ್ಟು, ಗಳಿಸಿದ ಪ್ರತಿ ಅಂಕಕ್ಕೆ ಇಷ್ಟು. ಜೊತೆಗಾರನ ಬೆನ್ನಿಗೇ ಬಂದು ಎದುರಾಳಿಯನ್ನು ತಡೆದವನಿಗೆ ‘ಬೋನಸ್ ಅಂಕ’ವೆಂದು ಹಣ ಸಿಗುತ್ತದೆ, ತಂಡದ ಲೆಕ್ಕಕ್ಕೆ ಅದು ಸೇರುವುದಿಲ್ಲ. ಬೈಕು, ಟೈರು, ಎಣ್ಣೆ, ರಿಪೇರಿ ಎಲ್ಲ ಸವಾರನದೇ. ಎಂಜಿನ್ ಸೀಜ್ ಆದ ವಾರ ಗಳಿಕೆಗಿಂತ ಖರ್ಚೇ ಹೆಚ್ಚು.

ಯಂತ್ರದ ವಿಷಯದಲ್ಲಿ 1968 ಒಂದು ಸಂಧಿಕಾಲ. ಉತ್ತರ ಲಂಡನ್ನಿನ ಜೆ.ಎ. ಪ್ರೆಸ್ಟ್‌ವಿಚ್ ಸಂಸ್ಥೆಯ ‘ಜಾಪ್’ ಎಂಜಿನ್ 1930ರ ದಶಕದಿಂದ ಈ ಆಟವನ್ನು ಆಳಿತ್ತು. 1960ರ ದಶಕದಲ್ಲಿ ಚೆಕೊಸ್ಲೊವಾಕಿಯದ ‘ಎಸೊ’ ಬಂತು. ಆ ಸಂಸ್ಥೆ ಜಾವಾದಲ್ಲಿ ವಿಲೀನವಾದ ಮೇಲೆ ಅದೇ ಯಂತ್ರ ಜಾವಾ ಎನಿಸಿಕೊಂಡಿತು. ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿಕೊಟ್ಟ ರಸ್ತೆ ಬೈಕುಗಳನ್ನು ಕಂಡ ನಮ್ಮವರಿಗೆ ಹೆಸರು ಹಳೆಯದೇ, ಯಂತ್ರ ಮಾತ್ರ ಬೇರೆ. ಮೊದಲ ವಿಭಾಗದ ತಾರೆಗಳು ಹೊಸ ಚೆಕ್ ಬೈಕಿಗೆ ಹೋದಂತೆ ಅವರು ಕಳಚಿಟ್ಟ ಜಾಪ್‌ಗಳು ಕಡಿಮೆ ಬೆಲೆಗೆ ಹೊಸಬರ ಕೈಗೆ ಬಂದವು. ಜಾಪ್ ಸಿಟ್ಟಿನ ಯಂತ್ರ. ಸಣ್ಣಪುಟ್ಟ ಹೊಂದಾಣಿಕೆಯನ್ನು ಸದಾ ಕೇಳುತ್ತದೆ, ಹೊಂದಿಸಲು ಕಲಿತವನಿಗೆ ಮಾತ್ರ ಒಲಿಯುತ್ತದೆ.

ಸಂಜೆಯ ಒಂದು ಪಂದ್ಯ ಹೀಗೆ. ದ್ವಾರದಲ್ಲಿ ಕಾರ್ಯಕ್ರಮ ಪುಸ್ತಿಕೆ ಕೊಳ್ಳುತ್ತಾರೆ. ಒಳಗೆ 13 ಓಟಗಳ ಖಾಲಿ ಚೌಕಗಳು. ಪೆನ್ನು ತರದ ಪ್ರೇಕ್ಷಕನೇ ಇಲ್ಲ. ತವರಿನವರ ಹೆಲ್ಮೆಟ್ ಹೊದಿಕೆ ಕೆಂಪು ಮತ್ತು ನೀಲಿ, ಬಂದವರಲ್ಲಿ ಒಬ್ಬನದು ಬಿಳಿ. ಕಪ್ಪು ಚರ್ಮದ ಉಡುಪಿನ ನಾಲ್ವರನ್ನು ಹಿಂದಿನಿಂದ ತಳ್ಳಿ ಬೈಕು ಶುರುಮಾಡಿಸುತ್ತಾರೆ, ಏಕೆಂದರೆ ಅದಕ್ಕೆ ಕಿಕ್ಕರ್ ಇಲ್ಲ. ಸೈಲೆನ್ಸರೂ ಆಗ ಇರಲಿಲ್ಲ. ಗೇಟಿನ ಬಳಿ ಪ್ರತಿಯೊಬ್ಬನೂ ಕಾಲಿನಿಂದ ಮಣ್ಣು ಕೆದಕಿ ಹಿಂಚಕ್ರಕ್ಕೆ ಸಣ್ಣ ಹಳ್ಳ ಮಾಡಿಕೊಳ್ಳುತ್ತಾನೆ. ಟೇಪ್ ಮುಟ್ಟಿದರೆ ಓಟದಿಂದಲೇ ಹೊರಗೆ. ಟೇಪ್ ಚಿಮ್ಮುತ್ತದೆ, ಮೊದಲ ತಿರುವಿನ ಬೇಲಿಯ ಹಿಂದೆ ನಿಂತವರ ಕೋಟಿಗೆ ಒದ್ದೆ ಶೇಲ್ ರಾಚುತ್ತದೆ. ಸುಟ್ಟ ಹರಳೆಣ್ಣೆಯ ವಾಸನೆ ಇಡೀ ಅಂಗಳದ ಮೇಲೆ ನಿಲ್ಲುತ್ತದೆ. ನಾಲ್ಕು ಸುತ್ತು ಮುಗಿದ ಕೂಡಲೇ ಎಲ್ಲರ ತಲೆ ಪುಸ್ತಿಕೆಯತ್ತ ಬಾಗುತ್ತದೆ, ಮೈಕಿನಲ್ಲಿ ಸಮಯ ಹೇಳುವುದನ್ನು ಕಾಯುತ್ತಾರೆ. ಟ್ರ್ಯಾಕ್ ಸರಿಪಡಿಸುವ ಟ್ರ್ಯಾಕ್ಟರ್ ಸುತ್ತುವಾಗ ವಾದ ಶುರು.

ತವರಿನ ತಂಡ ದೂರ ಸಾಗಿಬಿಟ್ಟರೆ ಪಂದ್ಯ ಸಪ್ಪೆಯಾಗದಂತೆ ‘ಟ್ಯಾಕ್ಟಿಕಲ್ ಸಬ್‌ಸ್ಟಿಟ್ಯೂಟ್’ ನಿಯಮವಿತ್ತು: ನಿಗದಿತ ಅಂಕಗಳಷ್ಟು ಹಿಂದೆ ಬಿದ್ದ ತಂಡ ದುರ್ಬಲ ಸವಾರನ ಬದಲು ತನ್ನ ಬಲಿಷ್ಠನನ್ನು ಹೆಚ್ಚುವರಿಯಾಗಿ ಇಳಿಸಬಹುದು. ಮ್ಯಾನೇಜರನ ಜಾಣತನ ಕಾಣುತ್ತಿದ್ದದ್ದು ಇಲ್ಲಿ.

ಅಪಾಯ ಎರಡೂ ವಿಭಾಗಗಳಲ್ಲಿ ಒಂದೇ. ಇಂದಿನಂತೆ ಗಾಳಿ ತುಂಬಿದ ಬೇಲಿ ಇರಲಿಲ್ಲ, ಮರದ ಹಲಗೆ ಅಥವಾ ತಂತಿಬಲೆ ಅಷ್ಟೇ. ಅನುಭವ ಕಡಿಮೆಯಿರುವವರೇ ತುಂಬಿದ ಲೀಗಿನಲ್ಲಿ ಮೂಳೆ ಮುರಿತ ವಾರದ ಸುದ್ದಿ. ಹೀಗೆ ಖಾಲಿಯಾದ ಜಾಗಕ್ಕೆ ಇನ್ನೂ ಹೊಸಬನೊಬ್ಬ ಬರುತ್ತಿದ್ದ.

ನಂತರದ ವರ್ಷಗಳು

ಮರುವರ್ಷವೇ ತಂಡಗಳ ಸಂಖ್ಯೆ ಹತ್ತರಿಂದ ಹದಿನಾರಕ್ಕೆ ಏರಿತು. ಕ್ರೂ, ಈಸ್ಟ್‌ಬೋರ್ನ್, ಇಪ್ಸ್‌ವಿಚ್, ರಾಮ್‌ಫರ್ಡ್, ಡಾಂಕಾಸ್ಟರ್ ಸೇರಿದವು. ಕಿಂಗ್ಸ್ ಲಿನ್ ಕೂಡ ಬೆಲ್ ವ್ಯೂ ದಾರಿ ಹಿಡಿದು ತನ್ನ ಎರಡನೆಯ ತಂಡವನ್ನು ಕಳಿಸಿತು. ಸವಾರರ ಚಾಂಪಿಯನ್‌ಷಿಪ್ಪಿನ ಪಟ್ಟಿ ನೋಡಿದರೆ ಲೀಗ್ ಮಾಡಿದ ಕೆಲಸ ಕಾಣುತ್ತದೆ. 1970ರಲ್ಲಿ ಈಸ್ಟ್‌ಬೋರ್ನಿನ ಡೇವ್ ಜೆಸಪ್, 1971ರಲ್ಲಿ ಇಪ್ಸ್‌ವಿಚ್ಚಿನ ಜಾನ್ ಲೂಯಿಸ್, 1972ರಲ್ಲಿ ಕ್ರೂ ತಂಡದ ಆಸ್ಟ್ರೇಲಿಯನ್ ಫಿಲ್ ಕ್ರಂಪ್: ಮೂವರೂ ಮುಂದೆ ವಿಶ್ವಮಟ್ಟದ ಸವಾರರಾದರು.

ಕೋಲ್ಟ್ಸ್ 1970ರಲ್ಲಿ ಮ್ಯಾಂಚೆಸ್ಟರ್ ಬಿಟ್ಟು ಪಕ್ಕದ ರಾಚ್‌ಡೇಲಿಗೆ ಹೋಗಿ ರಾಚ್‌ಡೇಲ್ ಹಾರ್ನೆಟ್ಸ್ ಆಯಿತು. ಅಲ್ಲಿ ಓಡಿ ಏಸಸ್‌ಗೆ ಬಂದ ಪೀಟರ್ ಕಾಲಿನ್ಸ್ 1976ರಲ್ಲಿ ಪೋಲೆಂಡಿನ ಹೊಜೂವ್‌ನಲ್ಲಿ ವಿಶ್ವ ಚಾಂಪಿಯನ್ ಆದ. ಕಿರಿಯರ ತಂಡ ಎತ್ತಿದ ಎರಡು ಟ್ರೋಫಿಗಳಿಗಿಂತ ಬೆಲ್ ವ್ಯೂಗೆ ಹೆಚ್ಚು ದಕ್ಕಿದ್ದು ಈ ಒಬ್ಬ ಸವಾರ ಎಂದರೆ ತಪ್ಪಾಗಲಾರದು. ನೆಲ್ಸನ್ ತಂಡ 1970ರ ಹಂಗಾಮಿನ ನಡುವೆಯೇ ಬ್ರ್ಯಾಡ್‌ಫರ್ಡಿಗೆ ವಲಸೆ ಹೋಯಿತು. ರೇಲಿ ಕ್ರೀಡಾಂಗಣದಲ್ಲಿ 1973ರ ನಂತರ ಓಟ ನಿಂತು ತಂಡ ರೈ ಹೌಸಿಗೆ ಹೋಯಿತು. ರೆಡಿಂಗ್ 1971ರಲ್ಲಿ ನ್ಯೂಕ್ಯಾಸಲ್ಲಿನ ಪರವಾನಗಿ ಪಡೆದು ಮೊದಲ ವಿಭಾಗಕ್ಕೆ ಏರಿ ಎರಡೇ ವರ್ಷದಲ್ಲಿ, 1973ರಲ್ಲಿ, ಅದರ ಚಾಂಪಿಯನ್ ಆಯಿತು. ಆಗ ಮೇಲೇರುವ ದಾರಿ ಪಟ್ಟಿಯಲ್ಲಿ ಗೆಲ್ಲುವುದಲ್ಲ, ಪರವಾನಗಿ ದಕ್ಕಿಸಿಕೊಳ್ಳುವುದು.

ಎರಡನೆಯ ವಿಭಾಗದ ಹೆಸರು ಮಾತ್ರ ಒಂದೇ ಆಗಿ ಉಳಿಯಲಿಲ್ಲ. 1975ರಲ್ಲಿ ಅದು ನ್ಯೂ ನ್ಯಾಷನಲ್ ಲೀಗ್, 1976ರಿಂದ ನ್ಯಾಷನಲ್ ಲೀಗ್, 1991ರಲ್ಲಿ ಮತ್ತೆ ಬ್ರಿಟಿಷ್ ಲೀಗ್ ಎರಡನೆಯ ವಿಭಾಗ. 1995ರಲ್ಲಿ 1965ರಂತೆಯೇ ಎಲ್ಲವನ್ನೂ ಒಂದು ಮಾಡಿ ನೋಡಿದರು. ಅದೂ ಬಹುಕಾಲ ನಿಲ್ಲದೆ 1997ರಿಂದ ಪ್ರೀಮಿಯರ್ ಲೀಗ್ ಎಂಬ ಹೆಸರಿನಲ್ಲಿ ಎರಡನೆಯ ದರ್ಜೆ ಮರಳಿತು. ಆ ಹೆಸರು ಕೇಳಿದ ಹೊರಗಿನವರು ಅದನ್ನೇ ಮೇಲಿನ ಲೀಗೆಂದು ತಿಳಿದರೆ ಆಶ್ಚರ್ಯವಿಲ್ಲ. 2017ರಿಂದ ಅದರ ಹೆಸರು ಚಾಂಪಿಯನ್‌ಷಿಪ್. 1968ರ ಹತ್ತು ತಂಡಗಳ ಪೈಕಿ ಬೆರಿಕ್ ಬ್ಯಾಂಡಿಟ್ಸ್, ನಡುವೆ 1980ರಿಂದ ಒಂದೂವರೆ ದಶಕ ಶೀಲ್‌ಫೀಲ್ಡ್ ಬಿಟ್ಟು ಬೇರೆಡೆ ಅಲೆದರೂ, 1995ರಲ್ಲಿ ಅದೇ ಫುಟ್ಬಾಲ್ ಅಂಗಳಕ್ಕೆ ಮರಳಿ ಚಾಂಪಿಯನ್‌ಷಿಪ್ಪಿನಲ್ಲೂ ಓಡಿದೆ.